ಸಕಾರಣವಿಲ್ಲದ ಗೈರುಹಾಜರಿ: ಕೊಡಗಿನ ತೋಟ, ಮುಂಬಯಿಯ ಗಿರಣಿ, ಮದರಾಸಿನ ದಾವೆ

ಕಾಲೇಜಿನ ಹಾಜರಿ ಪುಸ್ತಕವನ್ನಾಗಲಿ ಕಾರ್ಖಾನೆಯ ಮಸ್ಟರ್ ರೋಲನ್ನಾಗಲಿ ತೆರೆದು ನೋಡಿದರೆ ಅಲ್ಲಿ ಎರಡೇ ಬಗೆಯ ಗುರುತುಗಳು ಕಾಣುತ್ತವೆ. ಬಂದವನಿಗೆ ಒಂದು, ಬಾರದವನಿಗೆ ಇನ್ನೊಂದು. ಬಾರದವನು ಯಾವ ಕಾರಣದಿಂದ ಬರಲಿಲ್ಲವೆಂಬುದನ್ನು ಬರೆಯಲು ಅಲ್ಲಿ ಅಂಕಣವಿರುವುದಿಲ್ಲ. ಕಾಲು ಶತಮಾನದಷ್ಟು ಕಾಲ ಇಂಥ ಪುಸ್ತಕಗಳನ್ನು ತುಂಬುತ್ತ ಬಂದ ಈ ಲೇಖಕನಿಗೆ ಅದೊಂದು ಕೊರತೆಯೆಂದು ಬಹುದಿನ ತೋರಿರಲಿಲ್ಲ. ಹಳೆಯ ಕಾಯಿದೆಗಳ ಪಠ್ಯವನ್ನು ಬೇರೊಂದು ಉದ್ದೇಶಕ್ಕಾಗಿ ಓದುತ್ತಿದ್ದಾಗ ‘ಸಮಂಜಸ ಕಾರಣವಿಲ್ಲದೆ’ ಎಂಬ ಅರ್ಥದ ಮಾತು ಮತ್ತೆ ಮತ್ತೆ ಎದುರಾಯಿತು. ಕೆಲಸಕ್ಕೆ ಬಾರದವನು ಕಾರಣ ಹೇಳಬಹುದಿತ್ತೆ, ಹೇಳಿದರೆ ಯಾರ ಮುಂದೆ ಹೇಳಬೇಕಿತ್ತು, ಅದು ಸಮಂಜಸವೆಂದು ತೀರ್ಮಾನಿಸುವ ಅಧಿಕಾರ ಯಾರದಾಗಿತ್ತು ಎಂಬ ಮೂರು ಪ್ರಶ್ನೆಗಳನ್ನು ಇಟ್ಟುಕೊಂಡು ಸುಮಾರು ಒಂದೂವರೆ ಶತಮಾನದ ಅವಧಿಯನ್ನು ನೋಡುವುದು ಪ್ರಸ್ತುತ ಲೇಖನದ ಉದ್ದೇಶ.

ಮೊದಲಿಗೆ ಪದಗಳು. ‘ಗೈರುಹಾಜರಿ’ ಎಂಬಲ್ಲಿನ ‘ಗೈರು’, ‘ಹಾಜರು’ ಎರಡೂ ಅರಬ್ಬಿ ಮೂಲದವು. ಪಾರಸಿ ಮತ್ತು ಮರಾಠಿಗಳ ಆಡಳಿತ ಭಾಷೆಯ ಮೂಲಕ ಕನ್ನಡಕ್ಕೆ ಬಂದು ಕಚೇರಿ, ಪಾಠಶಾಲೆಗಳಲ್ಲಿ ನೆಲೆನಿಂತವು. ‘ರಜೆ’ ಅಥವಾ ‘ರಜಾ’ ಎಂಬುದರ ಮೂಲಾರ್ಥ ಸಮ್ಮತಿ, ಒಪ್ಪಿಗೆ. ರಜೆಯೆಂದರೆ ವಿಶ್ರಾಂತಿಯೆಂದು ನಾವಿಂದು ಗ್ರಹಿಸುತ್ತೇವೆ. ಪದದ ಒಡಲಿನಲ್ಲಿ ಇರುವುದು ಒಡೆಯನ ಅನುಮತಿ. ಅದಿಲ್ಲದೆ ದೂರ ಉಳಿದವನು ಗೈರು. ಹೀಗಾಗಿ ಈ ಜೋಡಿ ಪದಗಳು ಕನ್ನಡಕ್ಕೆ ಬರುವಾಗಲೇ ಒಂದು ಅಧಿಕಾರಸಂಬಂಧವನ್ನು ಹೊತ್ತು ತಂದವೆನ್ನಬೇಕು.

ಹಳಗನ್ನಡ, ನಡುಗನ್ನಡಗಳಲ್ಲಿ ಇದಕ್ಕೆ ನೇರವಾಗಿ ಸಮನಾದ ಪದವನ್ನು ಹುಡುಕಿದರೆ ಸಿಗುವುದು ಕಷ್ಟ. ‘ಓಲಗ’ ಎಂಬ ಮಾತು ಅದಕ್ಕೆ ಸಮೀಪದ್ದು. ರಾಜಸಭೆ, ಸೇವೆ, ಸಭೆಯಲ್ಲಿ ಉಪಸ್ಥಿತನಾಗಿರುವುದು ಈ ಮೂರೂ ಅದರ ಅರ್ಥಗಳು. (ಮದುವೆಯ ಮನೆಯ ವಾದ್ಯಕ್ಕೆ ಆ ಹೆಸರು ಉಳಿದುಕೊಂಡದ್ದು ಪದಚರಿತ್ರೆಯ ಇನ್ನೊಂದು ಸ್ವಾರಸ್ಯ.) ಒಡೆಯನ ಎದುರಿನಲ್ಲಿ ಇರುವುದೇ ಸೇವೆ ಎಂಬ ಭಾವನೆ ತುತ್ತತುದಿಗೆ ಮುಟ್ಟಿದ್ದನ್ನು ಹೊಯ್ಸಳರ ಕಾಲದ ‘ವೇಳೆವಾಳಿ’ ಮತ್ತು ‘ಗರುಡ’ರಲ್ಲಿ ಕಾಣಬಹುದು. ಒಡೆಯನ ಮರಣದೊಡನೆ ತಾವೂ ಪ್ರಾಣಬಿಡುವ ಪ್ರತಿಜ್ಞೆ ತೊಟ್ಟವರು ಇವರು. ಇಮ್ಮಡಿ ವೀರಬಲ್ಲಾಳನ ದಂಡನಾಯಕ ಕುವರಲಕ್ಷ್ಮನ ಸ್ಮಾರಕಸ್ತಂಭ ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಬಳಿ ಇದೆ. ಸಾವಿನಲ್ಲೂ ಗೈರಾಗದ ಸೇವೆ ಅದು. ಇದಕ್ಕೆ ವಿರುದ್ಧ ತುದಿಯಲ್ಲಿ ‘ಬಿಟ್ಟಿ’ ಇತ್ತು. ಸಂಸ್ಕೃತದ ‘ವಿಷ್ಟಿ’ಯಿಂದ ಬಂದ ಈ ಪದ ಕೂಲಿಯಿಲ್ಲದ ಬಲವಂತದ ದುಡಿಮೆಯನ್ನು ಹೇಳುತ್ತದೆ. ದತ್ತಿಯ ಗ್ರಾಮಗಳಿಗೆ ಬಿಟ್ಟಿಯಿಂದ ವಿನಾಯಿತಿ ಕೊಟ್ಟ ಉಲ್ಲೇಖಗಳು ಶಾಸನಗಳಲ್ಲಿ ಬರುವುದರಿಂದಲೇ ವಿನಾಯಿತಿ ಇಲ್ಲದ ಊರುಗಳ ಪಾಡನ್ನು ಊಹಿಸಿಕೊಳ್ಳಬಹುದು.

ಕಾಯಕಕ್ಕೆ ಗೈರಾದವನ ಪ್ರಸಂಗವೊಂದು ಶರಣ ಪರಂಪರೆಯಲ್ಲಿ ಪ್ರಸಿದ್ಧವಾಗಿದೆ. ಅಂಗಳದಲ್ಲಿ ಬಿದ್ದ ಅಕ್ಕಿಯನ್ನು ಆಯ್ದು ತರುವುದು ಆಯ್ದಕ್ಕಿ ಮಾರಯ್ಯನ ಕಾಯಕ. ಅನುಭಾವಗೋಷ್ಠಿಯಲ್ಲಿ ಮೈಮರೆತು ಕುಳಿತ ಅವನಿಗೆ ಕಾಯಕದ ಹೊತ್ತು ಮೀರಿತೆಂದು ನೆನಪಿಸಿದವಳು ಮಡದಿ ಲಕ್ಕಮ್ಮ. ಈ ಕಥನವನ್ನು ಕಾಯಕತತ್ತ್ವದ ದೃಷ್ಟಾಂತವಾಗಿ ನಾವು ಪಾಠ ಹೇಳುತ್ತ ಬಂದಿದ್ದೇವೆ. ಇಲ್ಲಿ ಗಮನಿಸಬೇಕಾದುದು ಬೇರೆ. ಮಾರಯ್ಯನ ಗೈರುಹಾಜರಿಯನ್ನು ಗುರುತಿಸಿದವಳು ಅವನೊಡನೆ ಅದೇ ದುಡಿಮೆಯ ಅನ್ನವನ್ನು ಉಣ್ಣುವವಳು. ಮಾತಿನಲ್ಲಿ ಎಚ್ಚರಿಸಿದಳು, ಅವನು ಎದ್ದು ಹೋದನು. ದಂಡ ಹಾಕುವ ಮೂರನೆಯ ವ್ಯಕ್ತಿ ಆ ಕಥೆಯಲ್ಲಿಲ್ಲ. ಮಧ್ಯಕಾಲೀನ ಸಮಾಜವೆಲ್ಲ ಹೀಗಿತ್ತೆಂದು ಇದರಿಂದ ಸಾಧಿಸಹೊರಟರೆ ಅದು ಭಾವುಕತೆಯಾದೀತು. ಮೇಲೆ ಹೇಳಿದ ಬಿಟ್ಟಿಯೂ ಅದೇ ಸಮಾಜದ್ದು. ಆದರೆ ಒಂದು ದಿನದ ಗೈರುಹಾಜರಿಯನ್ನು ಎಣಿಸಿ, ಬರೆದಿಟ್ಟು, ಅದಕ್ಕೆ ಸೆರೆಮನೆಯ ಬೆಲೆ ಕಟ್ಟುವ ಸರ್ವಾನ್ವಯ ಶಾಸನ ನಮ್ಮಲ್ಲಿ ಹತ್ತೊಂಬತ್ತನೆಯ ಶತಮಾನದ್ದೆಂಬುದರಲ್ಲಿ ಸಂಶಯವಿಲ್ಲ.

ಆ ಶಾಸನವೇ 1859ರ ಹದಿಮೂರನೆಯ ಆ್ಯಕ್ಟು, ಅಂದರೆ ಕೆಲಸಗಾರರ ಕರಾರುಭಂಗ ಕಾಯಿದೆ. ಕಲ್ಕತ್ತೆಯ ವರ್ತಕರ ಸಂಘದ ಒತ್ತಾಯದ ಮೇಲೆ ಬಂದ ಇದನ್ನು ಮೊದಲು ಕಲ್ಕತ್ತ, ಮದರಾಸು, ಮುಂಬಯಿ ಈ ಮೂರು ಪ್ರೆಸಿಡೆನ್ಸಿ ನಗರಗಳಿಗಾಗಿ ಮಾಡಲಾಯಿತು. ಮುಂಗಡ ಹಣ ಪಡೆದ ಕುಶಲಕರ್ಮಿ, ಕೆಲಸಗಾರ ಅಥವಾ ಕೂಲಿಯವನು ನ್ಯಾಯಸಮ್ಮತವಾದ ಇಲ್ಲವೆ ಸಮಂಜಸವಾದ ಕಾರಣವಿಲ್ಲದೆ, ಬೇಕೆಂದೇ ಕೆಲಸ ಮಾಡದೆ ಹೋದರೆ ಧಣಿಯು ಮ್ಯಾಜಿಸ್ಟ್ರೇಟನಲ್ಲಿ ದೂರು ಕೊಡಬಹುದಾಗಿತ್ತು. ಹಣ ಮರಳಿಸು ಅಥವಾ ಕೆಲಸ ಮುಗಿಸು ಎಂಬ ಆಜ್ಞೆ ಹೊರಡುತ್ತಿತ್ತು. ಈ ಎರಡರಲ್ಲಿ ಯಾವುದೆಂದು ಆರಿಸುವ ಹಕ್ಕು ದೂರುದಾರನಾದ ಧಣಿಯದು. ಆಜ್ಞೆ ಪಾಲಿಸದವನಿಗೆ ಮೂರು ತಿಂಗಳವರೆಗೆ ಕಠಿಣ ಸಜೆ. ಕರಾರು ಬರವಣಿಗೆಯಲ್ಲೇ ಇರಬೇಕೆಂದಿರಲಿಲ್ಲ, ಬಾಯಿಮಾತಿನದೂ ಸಾಕಿತ್ತು. ಧಣಿ ಕೂಲಿ ಕೊಡದೆ ಮಾತಿಗೆ ತಪ್ಪಿದರೆ ಅವನಿಗೆ ಇಂಥ ಶಿಕ್ಷೆ ಇರಲಿಲ್ಲವೆಂಬುದನ್ನು ಪ್ರತ್ಯೇಕವಾಗಿ ಹೇಳಬೇಕಾಗಿಲ್ಲ.

ಸಾಲ ತೀರಿಸದ ವ್ಯಾಪಾರಿಯ ಮೇಲೆ ಹೂಡಬಹುದಾದದ್ದು ದಿವಾಣಿ ದಾವೆ. ಮುಂಗಡ ತೀರಿಸದ ಕೂಲಿಯವನ ಮೇಲೆ ನಡೆಯುತ್ತಿದ್ದುದು ಫೌಜುದಾರಿ ವಿಚಾರಣೆ. ಎರಡೂ ಹಣದ ವ್ಯವಹಾರಗಳೇ ಆದರೂ ಕೂಲಿಯವನ ವಿಷಯದಲ್ಲಿ ಅವನ ಮೈಯೇ ಅಡವಾಗಿತ್ತು. ಆ ಮೈ ಒಂದು ದಿನ ತೋಟದಲ್ಲಿ ಕಾಣದಿದ್ದರೆ ಅದು ಅಡವಿನ ವಸ್ತು ಕಳವಾದಂತೆಯೇ ಲೆಕ್ಕ. ಗೈರುಹಾಜರಿ ಅಪರಾಧವಾದದ್ದು ಈ ದಾರಿಯಿಂದ. ಸೋಮಾರಿತನದ ನಿಂದೆಯೆಲ್ಲ ಆಮೇಲೆ ಹಚ್ಚಿದ ಬಣ್ಣ.

ಪ್ರಾಂತೀಯ ಸರ್ಕಾರಗಳು ಬಯಸಿದ ಪ್ರದೇಶಕ್ಕೆ ಈ ಕಾಯಿದೆಯನ್ನು ವಿಸ್ತರಿಸಲು ಅವಕಾಶವಿದ್ದುದರಿಂದ ನಗರದ ಕುಶಲಕರ್ಮಿಗಳಿಗೆಂದು ಹುಟ್ಟಿದ್ದು ಅಸ್ಸಾಮಿನ ಚಹಾ ತೋಟಗಳಿಗೂ ದಕ್ಷಿಣದ ಕಾಫಿ ತೋಟಗಳಿಗೂ ಹಬ್ಬಿತು. ನಮಗೆ ಹತ್ತಿರದ ಉದಾಹರಣೆ ಕೊಡಗು. ಮಡಿಕೇರಿಯ ಬಳಿ ಐರೋಪ್ಯರ ಮೊದಲ ಕಾಫಿ ತೋಟ 1854ರಲ್ಲಿ ಆರಂಭವಾಯಿತು. ಮುಂದಿನ ಎರಡು ದಶಕಗಳಲ್ಲಿ ಕಾಡು ಕಡಿದು ತೋಟ ಎಬ್ಬಿಸುವ ಭರಾಟೆ. ಸ್ಥಳೀಯ ಒಕ್ಕಲು ಕೂಲಿಗೆ ಬರುವಂತಿರಲಿಲ್ಲ. ಆದ್ದರಿಂದ ಆಳುಗಳು ಮೈಸೂರು ಸೀಮೆಯ ಬಯಲಿನಿಂದಲೂ ಘಟ್ಟದ ಕೆಳಗಿನ ದಕ್ಷಿಣ ಕನ್ನಡದಿಂದಲೂ ಬರಬೇಕಾಯಿತು. ಕನ್ನಡ ಮತ್ತು ತುಳು ಮಾತಾಡುವ ಈ ಜನ ಆಡಳಿತದ ದೃಷ್ಟಿಯಲ್ಲಿ ಪರಪ್ರಾಂತದವರು. ಮೈಸೂರು ಅರಸರ ರಾಜ್ಯ, ದಕ್ಷಿಣ ಕನ್ನಡ ಮದರಾಸಿನದು, ಕೊಡಗು ಪ್ರತ್ಯೇಕ ಚೀಫ್ ಕಮಿಷನರ್ ಪ್ರಾಂತ. ಒಂದೇ ಭಾಷಾಪ್ರದೇಶದೊಳಗೆ ಮೂರು ಸರಹದ್ದುಗಳನ್ನು ದಾಟಿ ದುಡಿದ ವಲಸೆಗಾರರ ಚರಿತ್ರೆಯನ್ನು ನಾವು ಏಕೀಕರಣದ ಚರಿತ್ರೆಯ ಭಾಗವಾಗಿ ಇನ್ನೂ ಸರಿಯಾಗಿ ಬರೆದುಕೊಂಡಿಲ್ಲ.

ಧಣಿಗೂ ಆಳಿಗೂ ನಡುವೆ ಇದ್ದವನು ಮೇಸ್ತ್ರಿ. ತೋಟದವರಿಂದ ಮುಂಗಡ ಪಡೆದು ತನ್ನ ಊರಿಗೋ ಪರಿಚಿತ ಹಳ್ಳಿಗಳಿಗೋ ಹೋಗಿ ಅದನ್ನು ಹಂಚಿ, ಆಳುಗಳನ್ನು ಕೂಡಿಸಿಕೊಂಡು ಘಟ್ಟ ಹತ್ತಿಸುವುದು ಅವನ ಕೆಲಸ. ಅವರ ದುಡಿಮೆಯ ಮೇಲೆ ಅವನಿಗೆ ಕಮಿಷನ್ನು. ಮದುವೆಗೋ ಹಳೆಯ ಸಾಲಕ್ಕೋ ಮುಂಗಡ ಪಡೆದವನು ಹೆಬ್ಬೆಟ್ಟಿನ ಗುರುತು ಒತ್ತುತ್ತಿದ್ದುದು ತಾನು ಓದಲಾರದ ಕಾಗದಕ್ಕೆ. ಆಳು ತಪ್ಪಿಸಿಕೊಂಡರೆ ಧಣಿಯ ಮುಂದೆ ಉತ್ತರಿಸಬೇಕಾದವನು ಮೇಸ್ತ್ರಿ. ಮೇಸ್ತ್ರಿಯೂ ಕರಾರಿಗೆ ಕಟ್ಟುಬಿದ್ದವನಾದ್ದರಿಂದ ಅದೇ ಕಾಯಿದೆ ಅವನ ನೆತ್ತಿಯ ಮೇಲೂ ತೂಗುತ್ತಿತ್ತು.

ಆಳು ಏಕೆ ತಪ್ಪಿಸಿಕೊಳ್ಳುತ್ತಿದ್ದನು? ಇಲ್ಲಿ ಎರಡು ಬೆಳೆಗಳ ಪಂಚಾಂಗವನ್ನು ಎದುರುಬದುರು ಇಟ್ಟು ನೋಡಬೇಕು. ಅರೇಬಿಕಾ ಕಾಫಿ ಹಣ್ಣಾಗಿ ಕೊಯ್ಲಿಗೆ ಬರುವುದು ನವೆಂಬರಿನಿಂದ ಜನವರಿಯವರೆಗೆ. ಮೈಸೂರು ಬಯಲಿನಲ್ಲಿ ಮುಂಗಾರಿಗೆ ಬಿತ್ತಿದ ರಾಗಿ ಕೊಯ್ಲಿಗೆ ಬರುವುದು ನವೆಂಬರ್, ಡಿಸೆಂಬರಿನಲ್ಲಿ. ತೋಟಕ್ಕೆ ಆಳು ಅತ್ಯಗತ್ಯವಾಗುವ ವಾರಗಳಲ್ಲೇ ಆಳಿಗೆ ತನ್ನ ಹೊಲ ಅತ್ಯಗತ್ಯ. ಹಣ್ಣು ಉದುರಿ ಹಾಳಾಗುತ್ತದೆಂಬ ಧಣಿಯ ಆತಂಕ ಎಷ್ಟು ನಿಜವೋ ತೆನೆ ಉದುರಿದರೆ ವರ್ಷದ ಹಿಟ್ಟು ಹೋಯಿತೆಂಬ ಒಕ್ಕಲಿನ ಆತಂಕವೂ ಅಷ್ಟೇ ನಿಜ. ಮಲೆನಾಡಿನ ಚಳಿಜ್ವರ ಇದರ ಮೇಲೆ. ಬಯಲಿನಿಂದ ಬಂದವರು ಮಳೆಗಾಲದ ಹಿಂದುಮುಂದಿನ ಜ್ವರಕ್ಕೆ ಹೆದರಿ, ಇಲ್ಲವೆ ಜ್ವರ ಹತ್ತಿಸಿಕೊಂಡೇ ಊರಿನ ದಾರಿ ಹಿಡಿಯುತ್ತಿದ್ದರು.

ರಾಗಿಯ ಕೊಯ್ಲು ‘ಸಮಂಜಸ ಕಾರಣ’ವೆ? ಕಾಯಿದೆ ಅದನ್ನು ವಿವರಿಸುವುದಿಲ್ಲ. ತೀರ್ಮಾನ ಮ್ಯಾಜಿಸ್ಟ್ರೇಟನಿಗೆ ಬಿಟ್ಟದ್ದು. ತೋಟದ ಮಾಲೀಕರೂ ಮ್ಯಾಜಿಸ್ಟ್ರೇಟರೂ ಒಂದೇ ಕ್ಲಬ್ಬಿನಲ್ಲಿ ಸಂಜೆ ಕಳೆಯುವಷ್ಟು ಚಿಕ್ಕದಾದ ಐರೋಪ್ಯ ಸಮಾಜದಲ್ಲಿ ಆ ತೀರ್ಮಾನ ಎತ್ತ ವಾಲುತ್ತಿತ್ತೆಂಬುದನ್ನು ಓದುಗರೇ ಊಹಿಸಬಲ್ಲರು. ಶಿಕ್ಷೆ ಅನುಭವಿಸಿದವರ ಸಂಖ್ಯೆಗಿಂತ ಕಾಯಿದೆಯ ಹೆಸರು ಹುಟ್ಟಿಸಿದ ಭಯವೇ ಧಣಿಗಳಿಗೆ ಹೆಚ್ಚು ಉಪಯುಕ್ತವಾಗಿತ್ತೆಂದು ತೋರುತ್ತದೆ. ವಾರಂಟಿನ ಮಾತು ಹಳ್ಳಿಗೆ ಮುಟ್ಟಿದರೆ ಸಾಕಿತ್ತು, ಆಳು ಮರಳಿ ಬರುತ್ತಿದ್ದನು.

ಇಂಗ್ಲೆಂಡಿನಲ್ಲಿ ಇಂಥದೇ ಒಡೆಯ-ಸೇವಕ ಕಾನೂನುಗಳ ಫೌಜುದಾರಿ ಅಂಶವನ್ನು 1875ರಲ್ಲಿಯೇ ತೆಗೆದುಹಾಕಲಾಗಿತ್ತು. ಅಲ್ಲಿ ನೇಯ್ಗೆಯವನು ಕೆಲಸಕ್ಕೆ ತಪ್ಪಿಸಿಕೊಂಡರೆ ಸಿವಿಲ್ ವ್ಯಾಜ್ಯ, ಇಲ್ಲಿ ಸೆರೆಮನೆ. ಈ ಇಬ್ಬಂದಿತನ ಐವತ್ತು ವರ್ಷ ನಡೆಯಿತು. 1920ರ ತಿದ್ದುಪಡಿ ಮ್ಯಾಜಿಸ್ಟ್ರೇಟನಿಗೆ ಸ್ವಲ್ಪ ವಿವೇಚನೆ ಕೊಟ್ಟಿತು. ಕೊನೆಗೆ 1925ರ ಮೂರನೆಯ ಆ್ಯಕ್ಟು 1859ರ ಕಾಯಿದೆಯನ್ನೂ, ದಂಡಸಂಹಿತೆಯಲ್ಲಿ ಅದಕ್ಕೆ ಒತ್ತಾಸೆಯಾಗಿದ್ದ 490 ಮತ್ತು 492ನೆಯ ಕಲಮುಗಳನ್ನೂ ರದ್ದುಮಾಡಿತು. ಆದರೆ ಕೊಡಗಿನಲ್ಲಿ ಕಥೆ ಅಲ್ಲಿಗೆ ಮುಗಿಯಲಿಲ್ಲ. 1924ರಲ್ಲಿ ಸ್ಥಾಪಿತವಾದ ಆ ಪುಟ್ಟ ಪ್ರಾಂತದ ಶಾಸನ ಪರಿಷತ್ತಿನ ಕಾಲದಲ್ಲಿ, 1926ರಲ್ಲಿ, ಕೊಡಗು ಕಾರ್ಮಿಕ ಕಾಯಿದೆಯೊಂದು ಬಂದು, ದೇಶದ ಉಳಿದೆಡೆ ಸತ್ತ ಶಿಕ್ಷೆಗೆ ಇನ್ನಷ್ಟು ವರ್ಷಗಳ ಆಯುಸ್ಸು ಕೊಟ್ಟಿತು. 1931ರಲ್ಲಿ ಅದರ ಅವಧಿ ತೀರಿತು. ಹೊಸದಾಗಿ ದೊರೆತ ಸ್ವಯಮಾಡಳಿತದ ತುಣುಕನ್ನು ತೋಟಗಳ ಹಿತಕ್ಕೆ ಬಳಸಿಕೊಂಡ ಈ ಅಧ್ಯಾಯವನ್ನು ಕೊಡಗಿನ ರಾಜಕೀಯ ಚರಿತ್ರೆಕಾರರು ತುಸು ಮುಜುಗರದಿಂದ ದಾಟಿಹೋಗುವುದುಂಟು.

ಮುಂಬಯಿಯ ಹತ್ತಿ ಗಿರಣಿಗಳಲ್ಲಿ ಮುಂಗಡದ ಕಟ್ಟು ಅಷ್ಟಾಗಿ ಇರಲಿಲ್ಲ. ಅಲ್ಲಿನ ಹಿಡಿತ ಬೇರೆ ಬಗೆಯದು. ದುಡಿದ ತಿಂಗಳು ಮುಗಿದು ಕೆಲವು ದಿನಗಳಾದ ಮೇಲೆ ಪಗಾರ ಕೈಗೆ ಬರುತ್ತಿದ್ದುದರಿಂದ ಕಾರ್ಮಿಕನ ಹಣ ಸದಾ ಮಾಲೀಕನಲ್ಲಿ ಬಾಕಿ ಇರುತ್ತಿತ್ತು. ಕೊಡಗಿನಲ್ಲಿ ಧಣಿಯ ಹಣ ಆಳಿನಲ್ಲಿತ್ತು, ಇಲ್ಲಿ ಆಳಿನ ಹಣ ಧಣಿಯಲ್ಲಿ. ಹೇಳದೆ ಕೇಳದೆ ಬಿಟ್ಟುಹೋದವನು ಅದನ್ನು ಕಳೆದುಕೊಳ್ಳುತ್ತಿದ್ದನು. ದಿನದ ಗೈರುಹಾಜರಿಗೆ ಮರಾಠಿಯಲ್ಲಿ ‘ಖಾಡಾ’ ಎನ್ನುತ್ತಾರೆ. ‘ಡಬಲ್ ಖಾಡಾ’ ಎಂಬುದು ಗಿರಣಿಗಾಂವಿನ ಮಾತುಗಳಲ್ಲೊಂದಾಗಿತ್ತು. ಒಂದು ದಿನ ಬಾರದಿದ್ದರೆ ಎರಡು ದಿನದ ಕೂಲಿ ಮುರಿದುಕೊಳ್ಳುವ ಪದ್ಧತಿ ಅದು. ಒಂದು ದಿನದ್ದು ಮಾಡದ ಕೆಲಸದ ಲೆಕ್ಕ. ಎರಡನೆಯ ದಿನದ್ದು, ಮಾಡಿ ಮುಗಿಸಿದ ಕೆಲಸದ ಕೂಲಿಯಿಂದಲೇ ತೆಗೆದ ದಂಡ.

ವಾರದ ರಜೆಯೇ ನಿಶ್ಚಿತವಾಗಿರದಿದ್ದ ಕಾಲದಲ್ಲಿ ವಿಶ್ರಾಂತಿ ಪಡೆಯಲು ಗೈರಾಗುವುದಲ್ಲದೆ ಬೇರೆ ದಾರಿ ಇರಲಿಲ್ಲವೆಂಬುದನ್ನು ಇಲ್ಲಿ ನೆನೆಯಬೇಕು. ನಾರಾಯಣ ಮೇಘಾಜಿ ಲೋಖಂಡೆಯವರು 1884ರಲ್ಲಿ ಗಿರಣಿ ಕೆಲಸಗಾರರ ಸಭೆ ಸೇರಿಸಿ ಮುಂದಿಟ್ಟ ಬೇಡಿಕೆಗಳಲ್ಲಿ ವಾರಕ್ಕೊಂದು ದಿನದ ಬಿಡುವು ಮುಖ್ಯವಾಗಿತ್ತು. ಮಾಲೀಕರ ಸಂಘ ಭಾನುವಾರದ ರಜೆಯನ್ನು ಒಪ್ಪಿದ್ದು 1890ರ ಜೂನ್ 10ರಂದು. ಇಂದು ನಾವು ಪ್ರಕೃತಿನಿಯಮವೆಂಬಂತೆ ಅನುಭವಿಸುವ ಭಾನುವಾರಕ್ಕೆ ಇಂಥ ಒಂದು ತಾರೀಖು ಇದೆ.

ಗೈರಾದವನ ಮಗ್ಗ ನಿಲ್ಲಬಾರದು. ಆದ್ದರಿಂದ ಪ್ರತಿ ಬೆಳಿಗ್ಗೆ ಗಿರಣಿಯ ಬಾಗಿಲಲ್ಲಿ ‘ಬದಲಿ’ಗಳ ಗುಂಪು ನೆರೆಯುತ್ತಿತ್ತು. ಯಾರು ಒಳಗೆ ಹೋಗಬೇಕು, ಊರಿಗೆ ಹೋಗಿ ತಡವಾಗಿ ಬಂದವನಿಗೆ ಅವನ ಮಗ್ಗ ಮರಳಿ ಸಿಗಬೇಕೆ ಬೇಡವೆ ಎಂಬುದನ್ನು ನಿಶ್ಚಯಿಸುತ್ತಿದ್ದವನು ಜಾಬರ್. ಅವನ ಕೈಗೆ ‘ದಸ್ತೂರಿ’ ಬೀಳದೆ ಈ ನಿಶ್ಚಯ ಆಗುತ್ತಿರಲಿಲ್ಲ. ಜೆ.ಎಚ್. ವಿಟ್ಲಿ ಅವರ ಅಧ್ಯಕ್ಷತೆಯ ರಾಯಲ್ ಕಾರ್ಮಿಕ ಆಯೋಗದ 1931ರ ವರದಿಯಲ್ಲಿ ಜಾಬರನ ಈ ಪ್ರಭುತ್ವದ ವಿವರಗಳಿವೆ. ಕೊಡಗಿನ ಮ್ಯಾಜಿಸ್ಟ್ರೇಟನ ಮುಂದೆ ಆಳು ಕಾರಣವನ್ನಾದರೂ ಹೇಳಬಹುದಿತ್ತು. ಜಾಬರನ ಮುಂದೆ ಕಾರಣಕ್ಕೆ ಬೆಲೆಯಿರಲಿಲ್ಲ, ಬೆಲೆಯಿದ್ದದ್ದು ರೂಪಾಯಿಗೆ. 1935ರಲ್ಲಿ ಮಾಲೀಕರ ಸಂಘ ಬದಲಿಗಳಿಗೆ ತಿಂಗಳ ಮೊದಲ ದಿನ ಚೀಟಿ ಕೊಡುವ ವ್ಯವಸ್ಥೆ ತಂದು ಜಾಬರನ ಕೈಯನ್ನು ಕಟ್ಟಲೆತ್ನಿಸಿತು. ಬದಲಿಯ ಬದುಕು ಮಾತ್ರ ಇನ್ನೊಬ್ಬನ ಕಾಯಿಲೆ, ಇನ್ನೊಬ್ಬನ ಮನೆಯ ಸಾವು ಅಥವಾ ಮದುವೆಯನ್ನು ಕಾದು ಕೂರುವ ಬದುಕಾಗಿಯೇ ಉಳಿಯಿತು. ಗಿರಣಿಯವರಲ್ಲಿ ಕೊಂಕಣ ಮತ್ತು ದೇಶ ಭಾಗದ ಮರಾಠಿಗರೇ ಬಹುಸಂಖ್ಯಾತರು. ಆದರೂ ‘ಬದಲಿ’ ಎಂಬ ಪದವನ್ನು ಮುಂಬಯಿ ಕನ್ನಡಿಗರು ಅರ್ಥ ಹೇಳಿಸಿಕೊಳ್ಳದೆಯೇ ತಿಳಿಯುತ್ತಾರೆ. ಹೋಟೆಲಿನ ಅಡುಗೆಮನೆಯಲ್ಲಿಯೂ ಅದೇ ಪದವೇ ನಡೆಯುತ್ತದೆ.

1936ರ ವೇತನ ಪಾವತಿ ಕಾಯಿದೆ ಡಬಲ್ ಖಾಡಾವನ್ನು ಕೊನೆಗೊಳಿಸಿತು. ಗೈರಾದ ಕಾಲಕ್ಕೆ ಸಮಪ್ರಮಾಣವಾಗಿ ಮಾತ್ರ ಕೂಲಿ ಮುರಿಯಬಹುದೆಂದು ಅದರ ಒಂಬತ್ತನೆಯ ಕಲಮು ವಿಧಿಸಿತು. ಆದರೆ ಅದೇ ಕಲಮಿಗೆ ಬಾಲ ಅಂಟಿಸಲಾಗಿತ್ತು. ಹತ್ತು ಅಥವಾ ಹೆಚ್ಚು ಮಂದಿ ಒಟ್ಟುಗೂಡಿ, ಕರಾರಿನಂತೆ ಕೊಡಬೇಕಾದ ನೋಟೀಸು ಕೊಡದೆ, ಸಮಂಜಸ ಕಾರಣವಿಲ್ಲದೆ ಗೈರಾದರೆ ಎಂಟು ದಿನದ ಕೂಲಿಯವರೆಗೆ ಮುರಿಯಬಹುದು. ಒಬ್ಬ ಬಾರದಿದ್ದರೆ ಅದು ಗೈರುಹಾಜರಿ, ಹತ್ತು ಜನ ಬಾರದಿದ್ದರೆ ಅದು ಮುಷ್ಕರ. ಅಂಕಿ ಬದಲಾದೊಡನೆ ಪದವೂ ದಂಡವೂ ಬದಲಾಗುವ ಈ ವ್ಯಾಕರಣ ಕುತೂಹಲಕರ. 1982ರ ಜನವರಿಯಲ್ಲಿ ದತ್ತಾ ಸಾಮಂತರ ನೇತೃತ್ವದಲ್ಲಿ ಸುಮಾರು ಎರಡೂವರೆ ಲಕ್ಷ ಗಿರಣಿ ಕಾರ್ಮಿಕರು ಕೆಲಸಕ್ಕೆ ಹೋಗುವುದನ್ನು ನಿಲ್ಲಿಸಿದಾಗ ಅವರಲ್ಲಿ ಎಷ್ಟೋ ಮಂದಿಗೆ ಗಿರಣಿಯ ಬಾಗಿಲು ಮತ್ತೆ ತೆರೆಯಲೇ ಇಲ್ಲ.

ಈಗ ಶಾಲೆಯ ಮಾತು. ಕೆಲಸಕ್ಕೆ ಬಾರದ ದೊಡ್ಡವನು ಸೆರೆಮನೆಗೆ ಹೋಗುತ್ತಿದ್ದ ಕಾಲದಲ್ಲಿ ಶಾಲೆಗೆ ಬಾರದ ಮಗುವನ್ನು ಬ್ರಿಟಿಷ್ ಇಂಡಿಯಾದಲ್ಲಿ ಯಾರೂ ಹುಡುಕುತ್ತಿರಲಿಲ್ಲ. ಮಗು ಬೇರೆಡೆ ಹಾಜರಿತ್ತು. 1881ರ ಕಾರ್ಖಾನೆ ಕಾಯಿದೆಯ ಪ್ರಕಾರ ಏಳು ವರ್ಷದ ಮಗು ದಿನಕ್ಕೆ ಒಂಬತ್ತು ಗಂಟೆ ದುಡಿಯಬಹುದಿತ್ತು. 1891ರಲ್ಲಿ ಅದು ಒಂಬತ್ತು ವರ್ಷಕ್ಕೆ, ಏಳು ಗಂಟೆಗೆ ಬಂತು. 1922ರಲ್ಲಿ ಹನ್ನೆರಡು ವರ್ಷಕ್ಕೆ, ಆರು ಗಂಟೆಗೆ. ಅಹಮದಾಬಾದಿನಲ್ಲಿ ಒಂದೇ ಮಗು ಬೇರೆ ಬೇರೆ ಹೆಸರಿನ ಎರಡು ವಯಸ್ಸಿನ ಪ್ರಮಾಣಪತ್ರಗಳನ್ನು ಇಟ್ಟುಕೊಂಡು ಒಂದೇ ದಿನ ಎರಡು ಗಿರಣಿಗಳಲ್ಲಿ ದುಡಿಯುತ್ತಿದ್ದ ಪ್ರಕರಣಗಳು ಅಧಿಕಾರಿಗಳ ಗಮನಕ್ಕೆ ಬಂದಿದ್ದವು. ಎರಡು ಕಡೆ ಹಾಜರು, ಶಾಲೆಗೆ ಗೈರು. ಮದರಾಸಿನ ಬಕಿಂಗ್‌ಹ್ಯಾಮ್ ಮತ್ತು ಕರ್ನಾಟಿಕ್ ಗಿರಣಿಗಳು ಅರ್ಧ ದಿನ ದುಡಿಯುವ ಮಕ್ಕಳಿಗಾಗಿ ತಮ್ಮದೇ ಶಾಲೆ ನಡೆಸಿದವು. ಅದನ್ನು ಔದಾರ್ಯವೆನ್ನಬಹುದು, ಮುಂದಿನ ತಲೆಮಾರಿನ ಕೈಗಳನ್ನು ಗಂಟೆಯ ಶಿಸ್ತಿಗೆ ಪಳಗಿಸುವ ಉಪಾಯವೆಂದೂ ಹೇಳಬಹುದು. ಎರಡೂ ನಿಜವಿದ್ದೀತು.

ಬಡೋದೆಯ ಮೂರನೆಯ ಸಯಾಜಿರಾವ್ ಗಾಯಕವಾಡರು 1893ರಲ್ಲಿ ಅಮ್ರೇಲಿ ತಾಲ್ಲೂಕಿನಲ್ಲಿ ಪ್ರಯೋಗಿಸಿ, 1906ರಲ್ಲಿ ರಾಜ್ಯಕ್ಕೆಲ್ಲ ಹರಡಿದ ಕಡ್ಡಾಯ ಪ್ರಾಥಮಿಕ ಶಿಕ್ಷಣದಲ್ಲಿ ಮಗು ಬಾರದಿದ್ದರೆ ಪೋಷಕರಿಗೆ ದಂಡವಿತ್ತು. ಗೋಖಲೆಯವರು 1911ರಲ್ಲಿ ತಂದ ಮಸೂದೆ ಬಿದ್ದುಹೋಯಿತು. ಮೈಸೂರಿನಲ್ಲಿ 1913ರ ಪ್ರಾಥಮಿಕ ಶಿಕ್ಷಣ ರೆಗ್ಯುಲೇಷನ್ ಬಂತು. ಮುಂಬಯಿ ಪ್ರಾಂತದಲ್ಲಿ ವಿಠ್ಠಲಭಾಯಿ ಪಟೇಲರ ಕಾಯಿದೆ 1918ರದು. ಮುಂಬಯಿ ನಗರಸಭೆ 1925ರಲ್ಲಿ ಕಡ್ಡಾಯವನ್ನು ಮೊದಲು ಜಾರಿಗೆ ತಂದದ್ದು ಎಫ್ ಮತ್ತು ಜಿ ವಾರ್ಡುಗಳಲ್ಲಿ, ಅಂದರೆ ಪರೇಲ್, ವರಳಿಗಳ ಗಿರಣಿ ಪ್ರದೇಶದಲ್ಲಿ. ಈ ಬಗೆಯ ಶಿಕ್ಷಣ ಶಾಸನಗಳಲ್ಲಿ ಒಂದು ಗುಣವನ್ನು ಮೆಚ್ಚಬೇಕು. ಕಾಯಿಲೆ, ಶಾಲೆಯ ದೂರ ಮುಂತಾದ ಸಕಾರಣಗಳನ್ನು ಅವು ತಾವೇ ಹೆಸರಿಸಿ ಹೇಳಿದವು. ಮಗುವಿನ ಗೈರುಹಾಜರಿಗೆ ಹೀಗೆ ಕಾರಣಗಳ ಪಟ್ಟಿ ದೊರೆತಾಗ, ಅದರ ತಂದೆಯ ಗೈರುಹಾಜರಿಗೆ ಅಂಥ ಪಟ್ಟಿ ಇರಲಿಲ್ಲ. 2009ರ ಶಿಕ್ಷಣ ಹಕ್ಕು ಕಾಯಿದೆಯು ಕಡ್ಡಾಯದ ಹೊರೆಯನ್ನು ಸರ್ಕಾರದ ಹೆಗಲಿಗೆ ವರ್ಗಾಯಿಸಿತು. ಪ್ರಾಥಮಿಕ ಶಿಕ್ಷಣ ಮುಗಿಯುವವರೆಗೆ ಯಾವ ಮಗುವನ್ನೂ ಶಾಲೆಯಿಂದ ಹೊರಹಾಕುವಂತಿಲ್ಲವೆಂದಿತು.

ತಂದೆಯ ಕಡೆಗೆ ಮರಳೋಣ. 1946ರ ಸ್ಥಾಯೀ ಆದೇಶಗಳ ಕಾಯಿದೆ ಕೈಗಾರಿಕೆಗಳಲ್ಲಿ ಸೇವಾನಿಯಮಗಳನ್ನು ಬರೆದಿಡುವುದನ್ನು ಕಡ್ಡಾಯ ಮಾಡಿತು. ಅದು ದೊಡ್ಡ ಹೆಜ್ಜೆಯೇ ಸರಿ. ಅದರ ಮಾದರಿ ಆದೇಶಗಳಲ್ಲಿ ಹತ್ತು ದಿನ ಮೀರಿದ ಅನುಮತಿರಹಿತ ಗೈರುಹಾಜರಿ ದುರ್ವರ್ತನೆಯೆನಿಸಿತು. ರಜೆ ಮುಗಿದ ಎಂಟು ದಿನಗಳೊಳಗೆ ಮರಳಿ ಬಂದು, ಬಾರದಿದ್ದುದಕ್ಕೆ ಕಾರಣವನ್ನು ಮಾಲೀಕನಿಗೆ ತೃಪ್ತಿಯಾಗುವಂತೆ ವಿವರಿಸದಿದ್ದರೆ ಹುದ್ದೆಯ ಮೇಲಿನ ಹಕ್ಕು ಹೋಗುತ್ತಿತ್ತು. ‘ಮಾಲೀಕನಿಗೆ ತೃಪ್ತಿಯಾಗುವಂತೆ’ ಎಂಬ ಮಾತನ್ನು ಇನ್ನೊಮ್ಮೆ ಓದಬೇಕು. ಕೊಡಗಿನಲ್ಲಿ ಕಾರಣವನ್ನು ತೂಗುವ ತಕ್ಕಡಿ ಹೆಸರಿಗಾದರೂ ಮೂರನೆಯವನಾದ ಮ್ಯಾಜಿಸ್ಟ್ರೇಟನ ಕೈಯಲ್ಲಿತ್ತು. ಇಲ್ಲಿ ಅದು ವ್ಯಾಜ್ಯದ ಒಂದು ಪಕ್ಷದ ಕೈಗೇ ಬಂತು.

ಹಲವು ಕಂಪನಿಗಳ ಸ್ಥಾಯೀ ಆದೇಶಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋದವು. ರಜೆಯಿಲ್ಲದೆ ಸತತ ಎಂಟು ದಿನ ಬಾರದವನು ತಾನಾಗಿಯೇ ಕೆಲಸ ಬಿಟ್ಟನೆಂದು ಭಾವಿಸತಕ್ಕದ್ದು ಎಂದು ಬರೆದುಕೊಂಡವು. ಮದರಾಸಿನ ಬಕಿಂಗ್‌ಹ್ಯಾಮ್ ಅಂಡ್ ಕರ್ನಾಟಿಕ್ ಕಂಪನಿಯ ಕಾರ್ಮಿಕನೊಬ್ಬ ರಜೆಯ ಮೇಲೆ ಹೋಗಿ, ಕಾಯಿಲೆಯಿಂದ ಹಿಂತಿರುಗುವುದು ತಡವಾಯಿತೆಂದು ವೈದ್ಯರ ಪತ್ರ ತಂದನು. ಕಂಪನಿಯವರಿಗೆ ಅದು ಒಪ್ಪಿಗೆಯಾಗಲಿಲ್ಲ. ಬೆಂಗಳೂರಿನ ಉಣ್ಣೆ, ಹತ್ತಿ ಮತ್ತು ರೇಷ್ಮೆ ಗಿರಣಿಯನ್ನೂ ನಡೆಸಿದ ಬಿನ್ನಿ ಮನೆತನದ ಕಂಪನಿಯೇ ಇದು. ಬೆಂಗಳೂರಿನ ಹಳಬರಿಗೆ ಬಿನ್ನಿ ಮಿಲ್ಲಿನ ಹೆಸರು ಹೇಳಿಕೊಡಬೇಕಾಗಿಲ್ಲ. ನೌಕರರ ರಾಜ್ಯ ವಿಮಾ ಕಾಯಿದೆಯು ಕಾಯಿಲೆಯ ಅವಧಿಯಲ್ಲಿ ಕೆಲಸದಿಂದ ತೆಗೆಯಬಾರದೆನ್ನುತ್ತದಲ್ಲವೆ ಎಂಬುದು ಕಾರ್ಮಿಕನ ವಾದ. ಸುಪ್ರೀಂ ಕೋರ್ಟು 1964ರಲ್ಲಿ ವರದಿಯಾದ ತೀರ್ಪಿನಲ್ಲಿ ಅದನ್ನು ಒಪ್ಪಲಿಲ್ಲ. ಕಂಪನಿ ಅವನನ್ನು ತೆಗೆದುಹಾಕಿಲ್ಲ, ನಿಯಮದ ಬಲದಿಂದ ಅವನ ಸೇವೆ ತಾನಾಗಿ ಮುಗಿದಿದೆ ಎಂಬುದು ತೀರ್ಪಿನ ತಿರುಳು. ಕರ್ತೃವಿಲ್ಲದ ಕ್ರಿಯಾಪದದ ಶಕ್ತಿ ಇದು. ಶಿಕ್ಷೆಯಾದದ್ದು ಉಂಟು, ಶಿಕ್ಷಿಸಿದವನು ಇಲ್ಲ. ಶಿಕ್ಷಿಸಿದವನಿಲ್ಲದ ಮೇಲೆ ಕಾರಣ ಯಾರಿಗೆ ಹೇಳುವುದು?

ಈ ನಿಲುವು ಸಡಿಲಗೊಳ್ಳಲು ಕಾಲ ಹಿಡಿಯಿತು. ಗೈರಾದವನ ಹೆಸರನ್ನು ಪಟ್ಟಿಯಿಂದ ಹೊಡೆದುಹಾಕುವುದೂ ಕಾನೂನಿನ ದೃಷ್ಟಿಯಲ್ಲಿ ಕೆಲಸದಿಂದ ಕಡಿತಗೊಳಿಸಿದಂತೆಯೇ ಎಂದು ಅದೇ ನ್ಯಾಯಾಲಯ 1977ರಲ್ಲಿ ದೆಹಲಿಯ ಜವಳಿ ಗಿರಣಿಯೊಂದರ ಪ್ರಕರಣದಲ್ಲಿಯೂ 1982ರಲ್ಲಿ ದಕ್ಷಿಣ ರೈಲ್ವೆಯ ಪ್ರಕರಣದಲ್ಲಿಯೂ ಹೇಳಿತು. ಆದರೆ ಆ ತೀರ್ಪುಗಳ ಒತ್ತು ಪರಿಹಾರ ಮತ್ತು ನೋಟೀಸುಗಳ ಮೇಲೆ. ಕಾರಣ ಕೇಳಲೇಬೇಕೆಂಬ ಮಾತು ಖಚಿತವಾಗಿ ಬಂದದ್ದು 1993ರ ಡಿ.ಕೆ. ಯಾದವ್ ಪ್ರಕರಣದಲ್ಲಿ. ಎಂಟು ದಿನಗಳಿಗಿಂತ ಹೆಚ್ಚು ಕಾಲ ಬಾರದ್ದರಿಂದ ಸೇವೆ ತಾನಾಗಿ ಕೊನೆಗೊಂಡಿತೆಂದು ಜೆ.ಎಂ.ಎ. ಇಂಡಸ್ಟ್ರೀಸ್ ಎಂಬ ಸಂಸ್ಥೆ ಈ ಪ್ರಕರಣದಲ್ಲಿಯೂ ಸ್ಥಾಯೀ ಆದೇಶವನ್ನೇ ತೋರಿಸಿತು. ವಿಚಾರಣೆಯಿಲ್ಲದೆ ಜೀವನೋಪಾಯವನ್ನು ಕಿತ್ತುಕೊಳ್ಳುವುದು ಸಂವಿಧಾನದ 14 ಮತ್ತು 21ನೆಯ ಅನುಚ್ಛೇದಗಳಿಗೆ ವಿರುದ್ಧವೆಂದು ನ್ಯಾಯಾಲಯ ಹೇಳಿ, ಅರ್ಧದಷ್ಟು ಹಿಂಬಾಕಿ ವೇತನದೊಂದಿಗೆ ಅವರನ್ನು ಕೆಲಸಕ್ಕೆ ಮರಳಿಸಿತು. ಗೈರುಹಾಜರಿ ಉದ್ದೇಶಪೂರ್ವಕವೆಂದು ಸಾಬೀತಾಗದಿದ್ದರೆ ಅದನ್ನು ದುರ್ವರ್ತನೆಯೆನ್ನಲಾಗದೆಂದು 2012ರಲ್ಲಿ ಸರ್ಕಾರಿ ನೌಕರರೊಬ್ಬರ ಪ್ರಕರಣದಲ್ಲಿ ನ್ಯಾಯಾಲಯ ಮುಂದುವರಿದು ಹೇಳಿತು. 1859ರ ಕಾಯಿದೆಯಲ್ಲಿದ್ದ ‘ಬೇಕೆಂದೇ’ ಎಂಬ ಮಾತು ಹೀಗೆ ಒಂದೂವರೆ ಶತಮಾನದ ನಂತರ ಕೆಲಸಗಾರನ ಪರವಾಗಿ ಅರ್ಥ ಪಡೆಯಿತು.

1993ರ ಪ್ರಕರಣದ ಒಂದು ವಿವರ ಉಳಿದಿದೆ. ಸಂಸ್ಥೆಯ ಪುಸ್ತಕದಲ್ಲಿ 1980ರ ಡಿಸೆಂಬರ್ 3ರಿಂದ ಆ ಕಾರ್ಮಿಕರ ಹೆಸರಿನ ಮುಂದೆ ಗೈರುಹಾಜರಿಯ ಗುರುತು. ಅವರು ಸಲ್ಲಿಸಿದ ಹೇಳಿಕೆ ಬೇರೆಯೇ ಇತ್ತು. ಅಂದೂ ಆ ಬಳಿಕ ದಿನವೂ ತಾನು ಕೆಲಸಕ್ಕೆ ಬಂದಿದ್ದೆ, ಗೇಟಿನಲ್ಲಿ ತಡೆದು ಒಳಗೆ ಬಿಡಲಿಲ್ಲ ಎಂದು ಅವರು ಹೇಳಿದ್ದರು.